ಫೋಟೊ ಮಾತ್ರ ಇದೆ, ಪ್ಯಾಟರ್ನ್ ಇಲ್ಲ: ಸ್ವೆಟರ್ ಹೆಣೆಯುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಮಡಿಕೇರಿಯವಳು, ವಯಸ್ಸು 54. ಮಕ್ಕಳು ಚಿಕ್ಕವರಿದ್ದಾಗ ಹಳೆಯ ಇಂಗ್ಲಿಷ್ ಪುಸ್ತಕ ನೋಡಿಕೊಂಡು ಸ್ವೆಟರ್, ಟೋಪಿ ಎಲ್ಲ ಹೆಣೆಯುತ್ತಿದ್ದೆ. ಈಗ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ವಿದೇಶಿ ಕಂಪನಿಯೊಂದರ ಸ್ವೆಟರ್‌ನ ನಾಲ್ಕು ಫೋಟೊ ಕಳಿಸಿ "ಅಮ್ಮಾ, ಇದನ್ನ ಮಾಡಿಕೊಡ್ತೀಯಾ?" ಅಂದಳು. ಅದರ ಬೆಲೆ 14 ಸಾವಿರ. ದಪ್ಪ ಹೆಣಿಗೆ, ಸೊಂಟದವರೆಗಷ್ಟೇ ಉದ್ದ. ಭುಜದ ಹೊಲಿಗೆ ತೋಳಿನ ಮೇಲೆ ಜಾರಿದ ಹಾಗಿದೆ. ತೋಳು ಬಲೂನಿನ ಥರ ಉಬ್ಬಿ ಮಣಿಕಟ್ಟಿನಲ್ಲಿ ಬಿಗಿಯಾಗಿದೆ. ಹೆಣೆಯುವ ಲೆಕ್ಕ ಬರೆದ ಪ್ಯಾಟರ್ನ್ ಎಲ್ಲೂ ಸಿಗಲಿಲ್ಲ. ಹೆಚ್ಚುಕಡಿಮೆ ಅಂಥದ್ದೇ ಸ್ವೆಟರ್ ಹೆಣೆಯುವ ಅಮೆರಿಕದ ವಿಡಿಯೊ ನೋಡಿ, ಮನೆಯಲ್ಲಿದ್ದ 10 ನಂಬರ್ ಕಡ್ಡಿಯಲ್ಲಿ 80 ಕುಣಿಕೆ ಹಾಕಿಕೊಂಡೆ. 800 ಗ್ರಾಂ ದಪ್ಪ ಅಕ್ರಿಲಿಕ್ ಉಲ್ಲನ್ ತಂದಿದ್ದೇನೆ. 22 ಇಂಚು ಅಗಲ ಬರಬೇಕಿತ್ತು, 17 ಇಂಚು ಬಂತು. ಹಲಗೆಯ ಹಾಗೆ ಗಟ್ಟಿ. ಬೆರಳೆಲ್ಲ ನೋವು. ಎರಡು ಸಲ ಬಿಚ್ಚಿದೆ. ಪಕ್ಕದ ಮನೆಯವರು "ಫೋಟೊ ದೊಡ್ಡದು ಮಾಡಿ ಕುಣಿಕೆ ಎಣಿಸಿ" ಅಂತಾರೆ. ಅಂಗಡಿಯವರು "ಇದೆಲ್ಲ ಮೆಷಿನ್ ಕೆಲಸ, ಕೈಯಲ್ಲಿ ಆಗಲ್ಲ" ಅಂತಾರೆ. ಯಾರ ಮಾತು ಸರಿ? ತಂದಿರುವ ಉಲ್ಲನ್ ಸಾಕಾಗುತ್ತದೆಯೇ? ಇನ್ನೊಬ್ಬರ ಡಿಸೈನ್ ನೋಡಿ ಮಾಡುವುದು ತಪ್ಪಲ್ಲವೇ?

ಉತ್ತರ: ಮೊದಲು ಕಡ್ಡಿಯ ವಿಷಯ ಮುಗಿಸೋಣ. ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಇದೆ.

ಅಮೆರಿಕದವರು 10 ನಂಬರ್ ಅಂದರೆ 6 ಮಿಲಿಮೀಟರ್ ದಪ್ಪದ ಕಡ್ಡಿ. ನಮ್ಮ ಮನೆಗಳಲ್ಲಿರುವ ಹಳೆಯ ಕಡ್ಡಿಗಳ ಮೇಲಿರುವುದು ಬ್ರಿಟಿಷರ ಹಳೆಯ ನಂಬರ್. ಅದರಲ್ಲಿ 10 ಅಂದರೆ 3.25 ಮಿಲಿಮೀಟರ್. ಎರಡು ಲೆಕ್ಕಗಳೂ ಒಂದಕ್ಕೊಂದು ತಿರುಗುಮುರುಗು. ಅಮೆರಿಕದ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ದಪ್ಪ. ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ನಿಮಗೆ ಬೇಕಾದ 6 ಮಿಲಿಮೀಟರ್ ಕಡ್ಡಿ ಬ್ರಿಟಿಷ್ ಲೆಕ್ಕದಲ್ಲಿ 4 ನಂಬರ್. 8 ನಂಬರ್ ಕೂಡ ಹೀಗೇ: ಅಲ್ಲಿ 5 ಮಿಲಿಮೀಟರ್, ಇಲ್ಲಿ 4. ನೀವು ಮಗುವಿನ ಸ್ವೆಟರ್ ಹೆಣೆಯುವ ಕಡ್ಡಿಯಲ್ಲಿ ದಪ್ಪ ನೂಲನ್ನು ಹೆಣೆದಿದ್ದೀರಿ. ಕುಣಿಕೆಗಳಿಗೆ ಉಸಿರಾಡಲು ಜಾಗವೇ ಇರಲಿಲ್ಲ. ಹಾಗಾಗಿ ಅಗಲ ಕುಗ್ಗಿತು, ಬಟ್ಟೆ ಗಟ್ಟಿಯಾಯಿತು, ಬೆರಳು ನೋವು ಬಂತು. ನಿಮ್ಮ ಕೈ ಮರೆತಿಲ್ಲ. ನನ್ನ ತರಗತಿಗೆ ಬರುವವರಲ್ಲಿ ವಿಡಿಯೊ ನೋಡಿ ಕೆಟ್ಟ ಸ್ವೆಟರ್‌ಗಳ ಹಿಂದೆ ಬಹಳ ಸಲ ಇದೇ ಕಾರಣ ಇರುತ್ತದೆ.

ಇನ್ನು ಮುಂದೆ ನಂಬರ್ ಬಿಟ್ಟುಬಿಡಿ. ಮಿಲಿಮೀಟರ್ ಮಾತ್ರ ಕೇಳಿ. ಮನೆಯಲ್ಲಿರುವ ಕಡ್ಡಿಯ ಮೇಲೆ ಅಳತೆ ಅಳಿಸಿಹೋಗಿದ್ದರೆ ತೂತುಗಳಿರುವ ಅಳತೆ ಪಟ್ಟಿ ಸಿಗುತ್ತದೆ, ಅದರಲ್ಲಿ ತೂರಿಸಿ ನೋಡಬಹುದು. ಅದೂ ಇಲ್ಲ ಅಂದರೆ ಶಾಲೆಯ ಪೆನ್ಸಿಲ್ ಪಕ್ಕ ಇಟ್ಟು ನೋಡಿ. ಪೆನ್ಸಿಲ್ ಸುಮಾರು 7 ಮಿಲಿಮೀಟರ್ ಇರುತ್ತದೆ. 6ರ ಕಡ್ಡಿ ಅದಕ್ಕಿಂತ ಸ್ವಲ್ಪ ಸಣ್ಣ. ಕೊಳ್ಳುವಾಗ ಉದ್ದ ಕಡ್ಡಿಯ ಬದಲು ತಂತಿ ಇರುವ ಸರ್ಕ್ಯುಲರ್ ಕಡ್ಡಿ ಕೊಳ್ಳಿ. ಸುತ್ತ ಹೆಣೆಯಬೇಕೆಂದಿಲ್ಲ, ಅದರಲ್ಲೇ ಹಿಂದೆ ಮುಂದೆ ತಿರುಗಿಸಿ ಹೆಣೆಯಬಹುದು. ಬಟ್ಟೆಯ ಭಾರ ತೊಡೆಯ ಮೇಲೆ ಕೂರುತ್ತದೆ, ಮಣಿಕಟ್ಟಿಗೆ ಶ್ರಮ ಕಡಿಮೆ.

ಈಗ ಪಕ್ಕದ ಮನೆಯವರ ಸಲಹೆ. ಫೋಟೊ ದೊಡ್ಡದು ಮಾಡಿ ಕುಣಿಕೆ ಎಣಿಸಬಹುದು, ನಾನೂ ಎಣಿಸುತ್ತೇನೆ. ಆದರೆ ಆ ಸಂಖ್ಯೆ ಅವರ ನೂಲಿಗೆ, ಅವರ ಕಡ್ಡಿಗೆ ಸೇರಿದ್ದು. ನಿಮ್ಮ ನೂಲು ಬೇರೆ, ನಿಮ್ಮ ಕೈಯ ಬಿಗಿ ಬೇರೆ. ಅದೇ 80 ಕುಣಿಕೆ ಒಬ್ಬರ ಕೈಯಲ್ಲಿ 17 ಇಂಚು, ಇನ್ನೊಬ್ಬರ ಕೈಯಲ್ಲಿ 22 ಇಂಚು. ಇದನ್ನು ನೀವೇ ಮಾಡಿ ನೋಡಿದ್ದೀರಿ. ಸಂಖ್ಯೆಯನ್ನು ಫೋಟೊದಿಂದ ತರಬಾರದು. ಆಕಾರವನ್ನು ಮಾತ್ರ ತರಬೇಕು.

ಫೋಟೊದಲ್ಲಿ ನೋಡಬೇಕಾದ್ದು ಬೇರೆ ಇವೆ. ಭುಜದ ಹೊಲಿಗೆ ಎಲ್ಲಿ ಬಿದ್ದಿದೆ? ಕಂಕುಳಿನ ಹತ್ತಿರ ವಾರೆ ಗೆರೆ ಇದೆಯೇ, ಅಥವಾ ಬೆನ್ನು ಭಾಗ ನೇರ ಚೌಕವೇ? ತೋಳು ಎಲ್ಲಿ ಅಗಲವಾಗುತ್ತದೆ, ನಿಧಾನವಾಗಿಯೋ ಒಮ್ಮೆಗೇಯೋ? ರಿಬ್, ಅಂದರೆ ಅಂಚಿನ ಹಿಗ್ಗುವ ಪಟ್ಟಿ, ಎರಡು ಸೀದಾ ಎರಡು ಉಲ್ಟಾನೋ, ಒಂದೊಂದೋ? ನಿಮ್ಮ ವಿವರಣೆಯಿಂದ ಇದು ಡ್ರಾಪ್ ಶೋಲ್ಡರ್ ಅನ್ನುವುದು ಸ್ಪಷ್ಟ. ಅಂದರೆ ಹಿಂದೆ ಒಂದು ಚೌಕ, ಮುಂದೆ ಒಂದು ಚೌಕ, ಎರಡು ತೋಳು. ಹೆಣಿಗೆಯಲ್ಲಿ ಇದಕ್ಕಿಂತ ಸುಲಭದ ಆಕಾರ ಇಲ್ಲ. ಮಗಳು ಕಷ್ಟದ್ದೇನೂ ಕೇಳಿಲ್ಲ.

ಮಾಡೆಲ್ ಹಾಕಿಕೊಂಡಿರುವ ಫೋಟೊವನ್ನು ಪೂರ್ತಿ ನಂಬಬೇಡಿ. ಮಾಡೆಲ್‌ಗಳು ಎತ್ತರ ಜಾಸ್ತಿ ಇರುತ್ತಾರೆ. ಬೆನ್ನಿನ ಕಡೆ ಕ್ಲಿಪ್ ಹಾಕಿ ಬಟ್ಟೆಯನ್ನು ಬೇಕಾದ ಹಾಗೆ ಕೂರಿಸಿರುತ್ತಾರೆ. ಆ ನಾಲ್ಕರಲ್ಲಿ ಸ್ವೆಟರ್ ಅನ್ನು ಮೇಜಿನ ಮೇಲೆ ಹರಡಿ ತೆಗೆದ ಫೋಟೊ ಇದ್ದರೆ ಅದೇ ನಿಮ್ಮ ಚಿನ್ನ. ಅದರಲ್ಲಿ ಸ್ಕೇಲ್ ಇಟ್ಟು ಅಗಲ, ಉದ್ದ ಅಳೆಯಿರಿ. ಎಷ್ಟು ಸೆಂಟಿಮೀಟರ್ ಅನ್ನುವುದು ಮುಖ್ಯವಲ್ಲ, ಅಗಲಕ್ಕೂ ಉದ್ದಕ್ಕೂ ಇರುವ ಪ್ರಮಾಣ ಮುಖ್ಯ. ಜೊತೆಗೆ ಕಂಪನಿಯ ವೆಬ್‌ಸೈಟ್‌ನಲ್ಲಿ ಸೈಜ್ ಚಾರ್ಟ್ ಇದ್ದರೆ ಮಗಳಿಗೆ ನೋಡಲು ಹೇಳಿ. ಬಟ್ಟೆಯ ಎದೆ ಸುತ್ತಳತೆ, ಉದ್ದ ಎರಡೂ ಕೊಟ್ಟಿದ್ದರೆ ಪ್ಯಾಟರ್ನ್‌ನ ಕಾಲು ಭಾಗ ಸಿಕ್ಕ ಹಾಗೆ. ಅದು ಮೈ ಅಳತೆಯೋ ಬಟ್ಟೆಯ ಅಳತೆಯೋ ಅಂತ ಮಾತ್ರ ಓದಿ ಖಾತ್ರಿ ಮಾಡಿಕೊಳ್ಳಲಿ.

ಇದಕ್ಕಿಂತ ನಂಬಿಕೆಯ ದಾರಿ ಇನ್ನೊಂದಿದೆ. ಮಗಳ ಹತ್ತಿರ ದೊಗಲೆಯಾದ, ಅವಳಿಗೆ ಇಷ್ಟವಾದ ಸ್ವೆಟರ್ ಅಥವಾ ಸ್ವೆಟ್‌ಶರ್ಟ್ ಒಂದು ಇದ್ದೇ ಇರುತ್ತದೆ. ಅದನ್ನು ಹಾಸಿಗೆಯ ಮೇಲೆ ಹರಡಿ ಅಳೆದು ಕಳಿಸಲಿ. ಎಷ್ಟು ದೊಗಲೆ ಇದ್ದರೆ ಅವಳಿಗೆ ಹಿತ ಅನ್ನುವುದನ್ನು ಯಾವ ಫೋಟೊವೂ ಹೇಳುವುದಿಲ್ಲ, ಆ ಬಟ್ಟೆ ಹೇಳುತ್ತದೆ.

ಅಂಗಡಿಯವರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಮಾರುಕಟ್ಟೆಯ ಸ್ವೆಟರ್‌ಗಳಲ್ಲಿ ಬಹುಪಾಲು ಮೆಷಿನ್ನಿನವೇ. ಜಪಾನಿನ ಶೀಮಾ ಸೇಕಿ ಕಂಪನಿ 1995ರಲ್ಲಿ ತೋರಿಸಿದ ಮೆಷಿನ್ನು ಹೊಲಿಗೆಯೇ ಇಲ್ಲದೆ ಇಡೀ ಸ್ವೆಟರನ್ನು ಒಂದೇ ತುಂಡಾಗಿ ಹೆಣೆಯುತ್ತದೆ. ಒಂದಿಂಚಿನಲ್ಲಿ 12 ಸೂಜಿ ಇರುವ ಮೆಷಿನ್ನಿನಲ್ಲಿ ಬಂದ ತೆಳು ಸ್ವೆಟರನ್ನು ಕೈಯಲ್ಲಿ ಮಾಡಲು ಹೊರಟರೆ ತಿಂಗಳುಗಟ್ಟಲೆ ಕೂರಬೇಕು, ನಾನು ಯಾರಿಗೂ ಅದನ್ನು ಹೇಳುವುದಿಲ್ಲ. ಆದರೆ ನಿಮ್ಮದು ದಪ್ಪ ಹೆಣಿಗೆ. ಫೋಟೊದಲ್ಲಿ ಒಂದೊಂದು ಕುಣಿಕೆಯೂ ಕಣ್ಣಿಗೆ ಕಾಣುತ್ತಿದ್ದರೆ ಅದು ಕೈಗೆ ಎಟುಕುವ ಕೆಲಸ. ಮೆಷಿನ್ನೇ ಅಲ್ಲಿ ಕೈಹೆಣಿಗೆಯ ನೋಟಕ್ಕೆ ಪ್ರಯತ್ನಪಟ್ಟಿರುತ್ತದೆ.

ಪ್ಯಾಟರ್ನ್ ಇಲ್ಲದೆ ಆಗುವುದೇ ಇಲ್ಲ ಅನ್ನುವವರಿಗೆ ನಾನು ಪ್ಯಾರಿಸ್‌ನ ಒಂದು ಸ್ವೆಟರ್ ಕಥೆ ಹೇಳುತ್ತೇನೆ. ಎಲ್ಸಾ ಸ್ಕಿಯಾಪರೆಲ್ಲಿ ಎಂಬ ಡಿಸೈನರ್‌ಗೆ 1927ರಲ್ಲಿ ಹೆಸರು ತಂದದ್ದು ಎದೆಯ ಮೇಲೆ ಬಿಳಿ ಬೋ ಕಟ್ಟಿದ ಹಾಗೆ ಕಾಣುವ ಒಂದು ಕಪ್ಪು ಸ್ವೆಟರ್. ಬೋ ಕಟ್ಟಿದ್ದಲ್ಲ, ಹೆಣಿಗೆಯಲ್ಲೇ ಮೂಡಿಸಿದ್ದು. ಸ್ನೇಹಿತೆಯೊಬ್ಬಳು ಹಾಕಿದ್ದ ಸ್ವೆಟರ್ ಇಷ್ಟವಾಗಿ, ಅದನ್ನು ಹೆಣೆದ ಅರ್ಮೇನಿಯಾದ ಹೆಂಗಸನ್ನು ಆಕೆ ಹುಡುಕಿಕೊಂಡು ಹೋದರು. ಆ ಹೆಣೆಗಾರ್ತಿಯ ಹೆಸರು ಅರೂಸ್ಯಾಗ್ ಮಿಕೇಲಿಯನ್. ಸ್ಕಿಯಾಪರೆಲ್ಲಿ ಕಾಗದದ ಮೇಲೆ ಬೋ ಬರೆದುಕೊಟ್ಟರು, ಅಷ್ಟೇ. ಮೊದಲನೆಯದು ಸರಿ ಬರಲಿಲ್ಲ. ಎರಡನೆಯದು ಪರವಾಗಿಲ್ಲ ಅನ್ನಿಸಿತು. ಮೂರನೆಯದು ಎಲ್ಲರ ಬಾಯಲ್ಲಿ ಬಿತ್ತು. ಒಂದು ಚಿತ್ರ ಮತ್ತು ಒಂದು ಒಳ್ಳೆಯ ಕೈ, ಇಷ್ಟರಿಂದ ಆದ ಕೆಲಸ ಅದು. ನೀವು ಎರಡು ಸಲ ಬಿಚ್ಚಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಈಗ ನೂಲು. ಮಗಳಿಗೆ ವೆಬ್‌ಸೈಟ್‌ನಲ್ಲಿ ಆ ಸ್ವೆಟರ್ ಯಾವುದರಿಂದ ಮಾಡಿದ್ದು ಅಂತ ಓದಲು ಹೇಳಿ. ಈ ಥರದ ಸ್ವೆಟರ್‌ಗಳಲ್ಲಿ ಮೊಹೇರ್ (ಅಂಗೋರಾ ಮೇಕೆಯ ಕೂದಲು) ಅಥವಾ ಅಲ್ಪಾಕಾ (ದಕ್ಷಿಣ ಅಮೆರಿಕದ ಪ್ರಾಣಿಯೊಂದರ ಉಣ್ಣೆ), ಜೊತೆಗೆ ಪಾಲಿಅಮೈಡ್ ಅಂತ ಬರೆದಿರುವುದು ಸಾಮಾನ್ಯ. ಪಾಲಿಅಮೈಡ್ ಅಂದರೆ ನೈಲಾನ್. ಒಳಗೆ ಒಂದು ತೆಳು ಎಳೆ, ಸುತ್ತ ನವಿರು ಕೂದಲು. ದಪ್ಪ ಕಡ್ಡಿಯಲ್ಲಿ ಸಡಿಲವಾಗಿ ಹೆಣೆದರೆ ಕುಣಿಕೆಗಳ ನಡುವಿನ ಜಾಗವನ್ನು ಆ ಕೂದಲೇ ತುಂಬುತ್ತದೆ. ನೋಡಲು ದಪ್ಪ, ತೂಕದಲ್ಲಿ ಹಗುರ. ತೋಳು ಉಬ್ಬಿ ನಿಲ್ಲುವುದು ಈ ಹಗುರತನದಿಂದಲೇ.

ನಿಮ್ಮ ದಪ್ಪ ಅಕ್ರಿಲಿಕ್ ಹಾಗಲ್ಲ. ಅದು ಪೂರ್ತಿ ತುಂಬಿದ ನೂಲು. ಅದರಲ್ಲಿ ಮಾಡಿದ ಬಲೂನ್ ತೋಳು ಉಬ್ಬುವುದಕ್ಕಿಂತ ಜೋತು ಬೀಳುವುದು ಜಾಸ್ತಿ. ಹಾಗಂತ ಎಸೆಯಬೇಕಿಲ್ಲ. ಇರುವ ದಾರಿಗಳನ್ನು ಹೇಳುತ್ತೇನೆ, ಆರಿಸಿಕೊಳ್ಳುವುದು ನಿಮಗೆ ಬಿಟ್ಟದ್ದು.

ಇದೇ ಅಕ್ರಿಲಿಕ್‌ನಲ್ಲಿ ಮುಂದುವರಿಯಬಹುದು. ಖರ್ಚು ಇಲ್ಲ, ಮಗಳು ವಾಷಿಂಗ್ ಮೆಷಿನ್‌ಗೆ ಹಾಕಿದರೂ ಕುಗ್ಗುವುದಿಲ್ಲ, ಬೆಂಗಳೂರಿನ ಚಳಿಗೆ ಸಾಕು. ತೋಳಿನ ಅಗಲವನ್ನು ಮಾತ್ರ ಫೋಟೊದಲ್ಲಿರುವುದಕ್ಕಿಂತ ಸ್ವಲ್ಪ ಕಡಿಮೆ ಇಡಬೇಕು. ಅಪಾಯ ಏನೆಂದರೆ ಸ್ವಲ್ಪ ದಿನಕ್ಕೆ ಕೈ ಉಜ್ಜುವ ಕಡೆ ಗುಂಜು ಏಳುತ್ತದೆ. ಮತ್ತೆ, ಇದರ ಮೇಲೆ ಇಸ್ತ್ರಿ ಪೆಟ್ಟಿಗೆ ತಾಗಿಸಬಾರದು. ಬಿಸಿ ಹಬೆಗೆ ಅಕ್ರಿಲಿಕ್ ಒಮ್ಮೆ ಸೋತರೆ ಮತ್ತೆ ಚೇತರಿಸಿಕೊಳ್ಳುವುದಿಲ್ಲ. ರಿಬ್ ಎಲ್ಲ ಚಪ್ಪಟೆಯಾಗಿ ಉಳಿಯುತ್ತದೆ.

ಎರಡನೆಯದು, ನಿಜವಾದ ಉಣ್ಣೆ ಕೊಳ್ಳುವುದು. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದೆಲ್ಲ ಉಣ್ಣೆ ಅಲ್ಲ, ಲೇಬಲ್ ಓದಿಯೇ ತನ್ನಿ. ಉಣ್ಣೆಗೆ ಎಳೆದರೆ ಹಿಂದಕ್ಕೆ ಬರುವ ಗುಣ ಇದೆ, ಒದ್ದೆ ಮಾಡಿ ಹರಡಿದರೆ ನಾವು ಹೇಳಿದ ಆಕಾರದಲ್ಲಿ ಕೂರುತ್ತದೆ. ಬೆಲೆ ಜಾಸ್ತಿ. ಬಿಸಿನೀರಿನಲ್ಲಿ ಉಜ್ಜಿ ಒಗೆದರೆ ಎಳೆಗಳ ಮೇಲಿನ ಸಣ್ಣ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಇಡೀ ಸ್ವೆಟರ್ ಮಗುವಿನ ಅಳತೆಗೆ ಬರುತ್ತದೆ, ಬಿಡಿಸಲು ಆಗುವುದೇ ಇಲ್ಲ. ಮಗಳು ಕೈಯಲ್ಲಿ ತಣ್ಣೀರಿನಲ್ಲಿ ಒಗೆಯುವವಳೋ ಅಲ್ಲವೋ ಅನ್ನುವುದನ್ನು ನೀವೇ ನಿರ್ಧರಿಸಬೇಕು.

ನನಗೆ ಇಷ್ಟವಾದದ್ದು ಮೂರನೆಯ ದಾರಿ. ತೆಳು ಮೊಹೇರ್ ಮಿಶ್ರಣದ ಒಂದು ಎಳೆ, ಅದರ ಜೊತೆ ತೆಳು ಉಣ್ಣೆ ಅಥವಾ ಒಳ್ಳೆಯ ತೆಳು ಅಕ್ರಿಲಿಕ್‌ನ ಒಂದು ಎಳೆ, ಎರಡನ್ನೂ ಸೇರಿಸಿ ಹೆಣೆಯುವುದು. ಫೋಟೊದ ನವಿರು ನೋಟಕ್ಕೆ ಇದು ತೀರಾ ಹತ್ತಿರ ಬರುತ್ತದೆ. ತೊಂದರೆ ಒಂದೇ. ಮೊಹೇರ್ ಬಿಚ್ಚಲು ಬಲು ಕಷ್ಟ, ಕೂದಲು ಸಿಕ್ಕಿಕೊಳ್ಳುತ್ತದೆ. ಲೆಕ್ಕ ಪಕ್ಕಾ ಆದ ಮೇಲೆ ಮಾತ್ರ ಕೈ ಹಾಕಿ. ಹತ್ತಿ ನೂಲು ಮಾತ್ರ ಈ ಆಕಾರಕ್ಕೆ ಬೇಡ. ತನ್ನ ಭಾರಕ್ಕೆ ತಾನೇ ಇಳಿಬಿದ್ದು ಗಿಡ್ಡ ಸ್ವೆಟರ್ ಉದ್ದ ಸ್ವೆಟರ್ ಆಗುತ್ತದೆ.

ನೂಲು ಯಾವುದಾದರೂ ಇರಲಿ, ಮುಂದಿನ ಹೆಜ್ಜೆ ಸ್ಯಾಂಪಲ್ ತುಂಡು. ಇದನ್ನು ಮಾಡದೆ ಮುಂದೆ ಹೋಗಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಪ್ಯಾಟರ್ನ್ ಇದ್ದಾಗ ಸ್ಯಾಂಪಲ್ ಬಿಟ್ಟರೂ ಕೆಲವು ಸಲ ಬಚಾವಾಗಬಹುದು. ಪ್ಯಾಟರ್ನ್ ಇಲ್ಲದಾಗ ಸ್ಯಾಂಪಲ್ಲೇ ಪ್ಯಾಟರ್ನ್.

6 ಮಿಲಿಮೀಟರ್ ಕಡ್ಡಿಯಲ್ಲಿ ಕಡಿಮೆ ಅಂದರೆ 15 ಸೆಂಟಿಮೀಟರ್ ಚೌಕ ಹೆಣೆಯಿರಿ. ಇನ್ನೊಂದನ್ನು 5.5ರಲ್ಲಿ, ಸಾಧ್ಯವಾದರೆ ಮತ್ತೊಂದನ್ನು 6.5ರಲ್ಲಿ. ಕೈಯಲ್ಲಿ ಹಿಡಿದು ಮಡಿಸಿ ನೋಡಿ. ಯಾವುದು ಮೃದುವಾಗಿ ಬಾಗುತ್ತದೆ, ಆದರೆ ತೂತು ತೂತಾಗಿ ಕಾಣುವುದಿಲ್ಲ, ಅದೇ ನಿಮ್ಮ ಬಟ್ಟೆ. ಅದನ್ನು ಮುಂದೆ ಸ್ವೆಟರ್ ಹೇಗೆ ಒಗೆಯುತ್ತೀರೋ ಹಾಗೇ ಒಗೆದು, ಹರಡಿ ಒಣಗಿಸಿ. ಆಮೇಲೆ ಒಂದು ರಾತ್ರಿ ಕ್ಲಿಪ್ ಹಾಕಿ ನೇತುಹಾಕಿ, ಕೆಳಗೆ ಒಂದೆರಡು ಚಮಚ ಸಿಕ್ಕಿಸಿ. ಸ್ವೆಟರ್ ಮೈಮೇಲೆ ಇರುವಾಗ ತನ್ನ ಭಾರಕ್ಕೆ ಎಷ್ಟು ಇಳಿಯುತ್ತದೆ ಅನ್ನುವುದು ಇದರಲ್ಲಿ ಸ್ವಲ್ಪ ಗೊತ್ತಾಗುತ್ತದೆ. ಜಾಸ್ತಿ ಇಳಿದರೆ ಉದ್ದದಲ್ಲಿ ಅಷ್ಟು ಕಡಿಮೆ ಹೆಣೆಯಿರಿ.

ನಂತರ ಅಂಚು ಬಿಟ್ಟು ನಡುವಿನ 10 ಸೆಂಟಿಮೀಟರ್‌ನಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಅಂತ ಎಣಿಸಿ. ನಿಮ್ಮ ನೂಲಿಗೆ ಸುಮಾರು 14 ಕುಣಿಕೆ, 20 ಸಾಲು ಬರಬಹುದು ಅಂತ ಇಟ್ಟುಕೊಳ್ಳೋಣ. ಅರ್ಧ ಕುಣಿಕೆಯನ್ನೂ ಬಿಡದೆ ಬರೆದುಕೊಳ್ಳಿ. 14ರ ಬದಲು ನಿಜವಾಗಿ 13 ಇದ್ದರೆ ಒಂದು ಬದಿಯಲ್ಲಿ ನಾಲ್ಕೂವರೆ ಸೆಂಟಿಮೀಟರ್, ಸುತ್ತಳತೆಯಲ್ಲಿ ಹೆಚ್ಚುಕಡಿಮೆ 9 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ.

ಈಗ ಲೆಕ್ಕ. ಮಗಳ ಎದೆ ಅಳತೆ 34 ಇಂಚು, ಅಂದರೆ 86 ಸೆಂಟಿಮೀಟರ್ ಅಂದುಕೊಳ್ಳೋಣ. ಸ್ವೆಟರ್ ಸುತ್ತಳತೆ 112, ಉದ್ದ 52. ನಿಮ್ಮ ಅಳತೆ ಬೇರೆ ಇದ್ದರೆ ಸಂಖ್ಯೆ ಬದಲಿಸಿ, ದಾರಿ ಇದೇ.

ಬೆನ್ನಿಗೆ 112ರ ಅರ್ಧ 56 ಸೆಂಟಿಮೀಟರ್. ಒಂದು ಸೆಂಟಿಮೀಟರ್‌ಗೆ 1.4 ಕುಣಿಕೆ. 56ನ್ನು 1.4ರಿಂದ ಗುಣಿಸಿದರೆ 78. ಎರಡು ಬದಿಯ ಹೊಲಿಗೆಗೆ ಒಂದೊಂದು ಸೇರಿಸಿ 80. ನೋಡಿ, ವಿಡಿಯೊದ 80 ಸರಿಯಾಗಿಯೇ ಇತ್ತು, ಕಡ್ಡಿ ಬೇರೆಯಾಯಿತು ಅಷ್ಟೇ. ಕೆಳಗಿನ ರಿಬ್ ಎರಡು ಸೀದಾ ಎರಡು ಉಲ್ಟಾ ಆದರೆ ನಾಲ್ಕರ ಲೆಕ್ಕಕ್ಕೆ ಎರಡು ಜಾಸ್ತಿ ಇರಬೇಕು, ಆಗ ಹೊಲಿದ ಮೇಲೆ ಬದಿಯಲ್ಲಿ ರಿಬ್ ತುಂಡಾಗುವುದಿಲ್ಲ. ಹಾಗಾಗಿ 5 ಮಿಲಿಮೀಟರ್ ಕಡ್ಡಿಯಲ್ಲಿ 78 ಹಾಕಿ 6 ಸೆಂಟಿಮೀಟರ್ ರಿಬ್ ಹೆಣೆಯಿರಿ. ಕೊನೆಯ ಸಾಲಿನಲ್ಲಿ 2 ಏರಿಸಿ 80 ಮಾಡಿ, 6ರ ಕಡ್ಡಿಗೆ ಬನ್ನಿ. ಉಳಿದ 46 ಸೆಂಟಿಮೀಟರ್‌ಗೆ 92 ಸಾಲು. ಎಲ್ಲೂ ಇಳಿಸುವುದಿಲ್ಲ, ಏರಿಸುವುದಿಲ್ಲ. ಮೇಲೆ ಕುತ್ತಿಗೆಗೆ ನಡುವೆ 28 ಕುಣಿಕೆ, ಅಂದರೆ 20 ಸೆಂಟಿಮೀಟರ್. ಎರಡು ಭುಜಕ್ಕೆ 26, 26.

ಮುಂಭಾಗವೂ ಹಾಗೇ. ಕೊನೆಗೆ 16 ಸಾಲು ಇರುವಾಗ ನಡುವಿನ 14 ಕುಣಿಕೆ ಮುಚ್ಚಿ. ಆಮೇಲೆ ಒಂದೊಂದು ಬದಿಯನ್ನೂ ಬೇರೆಯಾಗಿ ಹೆಣೆಯುತ್ತ, ಕುತ್ತಿಗೆ ಅಂಚಿನಲ್ಲಿ ಎರಡು ಸಾಲಿಗೆ ಒಂದರಂತೆ 7 ಕುಣಿಕೆ ಇಳಿಸಿ. 26 ಉಳಿಯುತ್ತದೆ. ಬೆನ್ನಿನ ಭುಜಕ್ಕೆ ಸರಿಯಾಗಿ ಕೂರುತ್ತದೆ.

ಇನ್ನು ತೋಳು. ಪ್ಯಾಟರ್ನ್ ಇಲ್ಲದೆ ಮಾಡಿದ ಡ್ರಾಪ್ ಶೋಲ್ಡರ್ ಸ್ವೆಟರ್‌ಗಳು ಕೆಡುವುದು ಹೆಚ್ಚಾಗಿ ಇಲ್ಲೇ. ನಾವು ಅಭ್ಯಾಸದಂತೆ ಭುಜದ ಮೂಳೆಯಿಂದ ಮಣಿಕಟ್ಟಿನವರೆಗೆ ಅಳೆದು ಅಷ್ಟು ಉದ್ದ ಹೆಣೆಯುತ್ತೇವೆ. ಆದರೆ ಈ ಸ್ವೆಟರ್‌ನಲ್ಲಿ ತೋಳು ಭುಜದಿಂದ ಶುರುವಾಗುವುದಿಲ್ಲ. ಬೆನ್ನಿನ ಬಟ್ಟೆಯೇ ತೋಳಿನ ಮೇಲೆ ಇಳಿದಿರುತ್ತದೆ. ಅದನ್ನು ಕಳೆಯದಿದ್ದರೆ ತೋಳು ಬೆರಳು ದಾಟುತ್ತದೆ.

ಸರಿಯಾದ ಅಳತೆ ಹೀಗೆ. ಮಗಳು ಕೈಯನ್ನು ಸ್ವಲ್ಪ ಮಡಿಸಿ ನಿಲ್ಲಲಿ. ಕುತ್ತಿಗೆಯ ಹಿಂದಿನ ಮೂಳೆಯಿಂದ ಭುಜದ ಮೇಲೆ ಹಾದು ಮಣಿಕಟ್ಟಿನವರೆಗೆ ಯಾರಾದರೂ ಟೇಪ್ ಹಿಡಿಯಲಿ. 76 ಸೆಂಟಿಮೀಟರ್ ಬಂತು ಅನ್ನಿ. ಬೆನ್ನಿನ ಅಗಲದ ಅರ್ಧ 28. ಅದನ್ನು ಕಳೆದರೆ 48. ತೋಳಿನ ಉದ್ದ ಇಷ್ಟೇ. ಭುಜದಿಂದ ಅಳೆದಿದ್ದರೆ 58ರ ಹತ್ತಿರ ಬರುತ್ತಿತ್ತು. 10 ಸೆಂಟಿಮೀಟರ್ ಜಾಸ್ತಿ!

ಬಲೂನ್ ತೋಳಿಗೆ ಇದರ ಮೇಲೆ 4 ಸೆಂಟಿಮೀಟರ್ ಸೇರಿಸಬೇಕು. ಬಟ್ಟೆ ಉಬ್ಬಿ ರಿಬ್‌ನ ಮೇಲೆ ಬೀಳಲು ಉದ್ದವೂ ಬೇಕು, ಬರೀ ಅಗಲ ಸಾಲದು. ಒಟ್ಟು 52. ಇದರಲ್ಲಿ 8 ಸೆಂಟಿಮೀಟರ್ ಮಣಿಕಟ್ಟಿನ ರಿಬ್. 5ರ ಕಡ್ಡಿಯಲ್ಲಿ 30 ಕುಣಿಕೆ. ರಿಬ್ ಮುಗಿದ ಮುಂದಿನ ಒಂದೇ ಸಾಲಿನಲ್ಲಿ ಪ್ರತಿ ಕುಣಿಕೆಯನ್ನೂ ಎರಡು ಮಾಡಿ. 30 ಇದ್ದದ್ದು 60 ಆಗುತ್ತದೆ. ಉಬ್ಬು ಬರುವುದು ಈ ಒಂದು ಸಾಲಿನಿಂದ. ನಿಧಾನವಾಗಿ ಏರಿಸಿದರೆ ಸಾಮಾನ್ಯ ತೋಳಾಗುತ್ತದೆ, ಬಲೂನ್ ಆಗುವುದಿಲ್ಲ. ನಂತರ 6ರ ಕಡ್ಡಿಯಲ್ಲಿ 88 ಸಾಲು. ಅದರಲ್ಲಿ 16 ಸಾಲಿಗೊಮ್ಮೆ ಎರಡು ಬದಿಯಲ್ಲೂ ಒಂದೊಂದು ಏರಿಸಿ, ಹೀಗೆ ನಾಲ್ಕು ಸಲ. 68 ಆಗುತ್ತದೆ. ಅಗಲ ಸುಮಾರು 48 ಸೆಂಟಿಮೀಟರ್. ಬೆನ್ನಿನ ಬದಿಯಲ್ಲಿ ಭುಜದಿಂದ ಕೆಳಗೆ 24 ಸೆಂಟಿಮೀಟರ್, ಮುಂಭಾಗದಲ್ಲೂ 24, ಅಲ್ಲಿ ಈ ತೋಳು ಕೂರುತ್ತದೆ. ಅಕ್ರಿಲಿಕ್‌ನಲ್ಲೇ ಮಾಡುವುದಾದರೆ 60ರ ಬದಲು 52ಕ್ಕೆ ನಿಲ್ಲಿಸಿ. 60 ಆಗುವವರೆಗೆ ಅಲ್ಲಲ್ಲಿ ಏರಿಸಿ, ಕಂಕುಳಿನ ಅಳತೆಯನ್ನೂ 21 ಸೆಂಟಿಮೀಟರ್‌ಗೆ ಇಳಿಸಿ. ಜೋತು ಬೀಳುವುದು ಕಡಿಮೆಯಾಗುತ್ತದೆ.

ಮೊದಲು ಒಂದು ತೋಳು ಹೆಣೆಯುವುದು ನನ್ನ ಸಲಹೆ, ಬೆನ್ನು ಆಮೇಲೆ. ತೋಳು ಚಿಕ್ಕದು, ಬಿಚ್ಚಿದರೂ ನಷ್ಟ ಕಡಿಮೆ. ಫೋಟೊದ ಚೆಂದ ಇರುವುದೂ ಅದರಲ್ಲೇ. ಫೋಟೊ ತೆಗೆದು ಮಗಳಿಗೆ ಕಳಿಸಿ, ಒಪ್ಪಿಗೆ ಬಂದ ಮೇಲೆ ಉಳಿದದ್ದು.

ಉಲ್ಲನ್ ಸಾಕಾಗುತ್ತದೆಯೇ ಅಂತ ಕೇಳಿದ್ದೀರಿ. ಇದಕ್ಕೂ ಸ್ಯಾಂಪಲ್ ಉತ್ತರ ಕೊಡುತ್ತದೆ. 15ರ ಚೌಕ ಅಂದರೆ 225 ಚದರ ಸೆಂಟಿಮೀಟರ್. ಅದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಮೇಲಿನ ಅಳತೆಯ ಸ್ವೆಟರ್‌ನ ಒಟ್ಟು ಬಟ್ಟೆ ಸುಮಾರು 10,300 ಚದರ ಸೆಂಟಿಮೀಟರ್, ಹೆಚ್ಚುಕಡಿಮೆ 46 ಸ್ಯಾಂಪಲ್‌ಗಳಷ್ಟು. ಒಂದು ಚೌಕ 14 ಗ್ರಾಂ ಇದ್ದರೆ 640 ಗ್ರಾಂ ಚಿಲ್ಲರೆ. ಕುತ್ತಿಗೆ ಪಟ್ಟಿ, ಹೊಲಿಗೆ ಎಲ್ಲ ಸೇರಿ 700. ನಿಮ್ಮ 800 ಸಾಕು. ಚೌಕ 18 ಗ್ರಾಂ ತೂಗಿದರೆ ಸಾಲದು. ಆಗ ಈಗಲೇ ಅಂಗಡಿಗೆ ಹೋಗಿ ಲೇಬಲ್ ಮೇಲಿನ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು) ತೋರಿಸಿ ಅದೇ ಲಾಟ್‌ನದ್ದು ಇನ್ನೆರಡು ಉಂಡೆ ತನ್ನಿ. ಬೇರೆ ಲಾಟ್‌ನ ಬಣ್ಣ ಅಂಗಡಿಯ ಲೈಟಿನಲ್ಲಿ ಒಂದೇ ಥರ ಕಾಣುತ್ತದೆ, ಬಿಸಿಲಿಗೆ ಬಂದರೆ ಪಟ್ಟಿ ಎದ್ದು ಕಾಣುತ್ತದೆ.

ಇಷ್ಟು ಲೆಕ್ಕ ಬೇಡ ಅನ್ನಿಸಿದರೆ ಬೇರೆ ದಾರಿಗಳೂ ಇವೆ. ಕುತ್ತಿಗೆಯಿಂದ ಕೆಳಗೆ ಸುತ್ತ ಹೆಣೆಯುವ ವಿಧಾನದಲ್ಲಿ ನಡುನಡುವೆ ಹಾಕಿ ನೋಡಬಹುದು, ತಪ್ಪು ಬೇಗ ತಿಳಿಯುತ್ತದೆ. ಆದರೆ ಮಗಳು ಬೆಂಗಳೂರಿನಲ್ಲಿ, ನೀವು ಮಡಿಕೇರಿಯಲ್ಲಿ. ಹಾಕಿ ನೋಡುವವರು ಯಾರು? ಜೊತೆಗೆ ಭುಜ ಜಾರಿದ ಆ ಚೌಕ ನೋಟ ಅದರಲ್ಲಿ ಸುಲಭಕ್ಕೆ ಬರುವುದಿಲ್ಲ. ಎಲಿಜಬೆತ್ ಜಿಮ್ಮರ್‌ಮನ್ ಅಂತ ಒಬ್ಬರಿದ್ದರು, ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿ 1999ರಲ್ಲಿ ತೀರಿಕೊಂಡವರು. ಎದೆ ಸುತ್ತಿನ ಕುಣಿಕೆಗಳನ್ನು ನೂರು ಅಂದುಕೊಂಡು ಮಣಿಕಟ್ಟಿಗೆ 20, ತೋಳಿನ ಮೇಲ್ಭಾಗಕ್ಕೆ 33ರಿಂದ 35, ಕುತ್ತಿಗೆಗೆ 40 ಅನ್ನುವ ಶೇಕಡಾ ಲೆಕ್ಕವನ್ನು ಅವರು ಹೆಣೆಯುವವರಿಗೆ ಕೊಟ್ಟರು. ಮೈಗೆ ಹೊಂದುವ ಸಾಮಾನ್ಯ ಸ್ವೆಟರ್‌ಗೆ ಅದು ಅದ್ಭುತ. ನಾನು ಅದರಿಂದಲೇ ಕಲಿಸುತ್ತೇನೆ. ಬಲೂನ್ ತೋಳಿಗೆ ಮಾತ್ರ 35 ಸಾಲದು, ಮೇಲೆ ನೋಡಿದಿರಲ್ಲ, ನಮ್ಮದು 42ರ ಹತ್ತಿರ ಇದೆ.

ಹೆಸರಾಂತ ವಿನ್ಯಾಸವಾದರೆ ಪ್ಯಾಟರ್ನ್ ಹೊರಗೆ ಬಂದಿದೆಯೇ ಅಂತ ಆಗಾಗ ಹುಡುಕುವುದೂ ಒಳ್ಳೆಯದು. 2020ರ ಫೆಬ್ರುವರಿಯಲ್ಲಿ ಗಾಯಕ ಹ್ಯಾರಿ ಸ್ಟೈಲ್ಸ್ ಬಣ್ಣಬಣ್ಣದ ಚೌಕಗಳ ಕಾರ್ಡಿಗನ್ ಹಾಕಿಕೊಂಡಿದ್ದರು. ಲಾಕ್‌ಡೌನ್‌ನಲ್ಲಿ ಸಾವಿರಾರು ಹುಡುಗ ಹುಡುಗಿಯರು ಫೋಟೊ ನೋಡಿಕೊಂಡೇ ಅದನ್ನು ಹೆಣೆಯತೊಡಗಿದರು. ಅದನ್ನು ಮಾಡಿದ ಜೆ.ಡಬ್ಲ್ಯು. ಆಂಡರ್ಸನ್ ಸಂಸ್ಥೆ ಅದೇ ವರ್ಷ ಜುಲೈನಲ್ಲಿ ಪ್ಯಾಟರ್ನ್ ಅನ್ನು ಉಚಿತವಾಗಿ ಕೊಟ್ಟಿತು. ಆ ಕಾರ್ಡಿಗನ್ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಎಲ್ಲ ಕಂಪನಿಗಳೂ ಹೀಗೆ ಕೊಡುವುದಿಲ್ಲ, ಆದರೆ ಕೇಳುವುದರಲ್ಲಿ, ಹುಡುಕುವುದರಲ್ಲಿ ನಷ್ಟ ಇಲ್ಲ.

ನಕಲು ತಪ್ಪಲ್ಲವೇ ಅಂದಿರಿ. ಹೀಗೆ ಯೋಚಿಸುವವರು ಕಡಿಮೆ, ನಿಮ್ಮ ಬಗ್ಗೆ ಗೌರವ ಬಂತು. ಮಗಳಿಗೆಂದು ಒಂದು ಸ್ವೆಟರ್ ಹೆಣೆಯುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಡ್ರಾಪ್ ಶೋಲ್ಡರ್ ಆಗಲಿ, ಬಲೂನ್ ತೋಳಾಗಲಿ ಯಾರೊಬ್ಬರ ಸೊತ್ತೂ ಅಲ್ಲ. ಮಾರಾಟಕ್ಕೆ ಇಳಿದರೆ ಮಾತು ಬೇರೆ. ನಮ್ಮಲ್ಲಿ 2000ದ ವಿನ್ಯಾಸ ಕಾಯ್ದೆ ಇದೆ. ಅದರಡಿ ನೋಂದಾಯಿಸಿದ ವಿನ್ಯಾಸಕ್ಕೆ 10 ವರ್ಷ, ಮುಂದುವರಿಸಿದರೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ಕಂಪನಿಯ ಹೆಸರು, ಲೋಗೊ, ಅವರದೇ ವಿಶೇಷ ಚಿತ್ರ ಇವನ್ನಂತೂ ಮುಟ್ಟಲೇಬಾರದು. ಕೆಲವರು ಸ್ವೆಟರ್ ತರಿಸಿಕೊಂಡು, ಅಳತೆ ತೆಗೆದು, ವಾಪಸ್ ಕಳಿಸುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ.

ಕೊನೆಗೆ ಜೋಡಿಸುವ ಕ್ರಮ. ಮೊದಲು ನಾಲ್ಕು ತುಂಡುಗಳನ್ನೂ ಒದ್ದೆ ಮಾಡಿ ಟವೆಲ್‌ನಲ್ಲಿ ಸುತ್ತಿ ನೀರು ಹಿಂಡಿ, ಅಳತೆಗೆ ಹರಡಿ ಒಣಗಿಸಿ. ನಿಮ್ಮೂರಿನ ಮಳೆಗಾಲದಲ್ಲಿ ಎರಡು ಮೂರು ದಿನ ಬೇಕಾಗಬಹುದು, ಫ್ಯಾನ್ ಕೆಳಗೆ ಇಟ್ಟು ದಿನಕ್ಕೊಮ್ಮೆ ಮಗುಚಿ, ಇಲ್ಲದಿದ್ದರೆ ಮುಗ್ಗಲು ವಾಸನೆ ಬರುತ್ತದೆ. ಆಮೇಲೆ ಭುಜ ಹೊಲಿಯಿರಿ. ಒಳಗಡೆ ಭುಜದ ಹೊಲಿಗೆಯ ಉದ್ದಕ್ಕೂ ತೆಳು ಹತ್ತಿ ಟೇಪ್ ಸೇರಿಸಿ ಹೊಲಿದರೆ 700 ಗ್ರಾಂ ಭಾರಕ್ಕೆ ಅದು ಹಿಗ್ಗುವುದಿಲ್ಲ. ನಂತರ ಕುತ್ತಿಗೆ ಪಟ್ಟಿ, ಅದರ ನಂತರ ತೋಳು, ಕೊನೆಗೆ ಎರಡು ಬದಿ. ಮಗಳಿಗೆ ಕೊಡುವಾಗ ಹ್ಯಾಂಗರ್‌ಗೆ ನೇತುಹಾಕಬೇಡ, ಮಡಿಸಿಡು ಅಂತ ಹೇಳಿಬಿಡಿ. ಸ್ಯಾಂಪಲ್ ತುಂಡನ್ನೂ ಅದರ ಜೊತೆಗೇ ಕಳಿಸಿ, ಮುಂದೆ ಎಲ್ಲಾದರೂ ಕಿತ್ತರೆ ಅದೇ ನೂಲಿನಿಂದ ಸರಿ ಮಾಡಬಹುದು.